48 ಅಂಕಿ ಸಿಕ್ಕಿದ್ದು ಮಗಳ ಖಾತೆಯಲ್ಲಿ

ಕಾಫಿ ಹೂ ಅರಳಿಸುವ ಹೂಮಳೆಯ ಜೊತೆ ಬಂದ ಸಿಡಿಲಿಗೆ ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಹೋಗಿತ್ತು. ಸಕಲೇಶಪುರದ ಕಡೆಯ ತೋಟದವರೊಬ್ಬರು ಅದನ್ನು ಹಾಸನಕ್ಕೆ, ನನ್ನ ರಿಪೇರಿ ಅಂಗಡಿಗೆ ತಂದರು. ಬೋರ್ಡ್ ಬದಲಾಯಿಸಿ ಆನ್ ಮಾಡಿದರೆ ನೀಲಿ ಪರದೆ. ಬಿಟ್‌ಲಾಕರ್ ಅಂದರೆ ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ; ಅದರ ರಿಕವರಿ ಕೀ ಹಾಕಿ ಅಂತ ಕೂತಿದೆ. 48 ಅಂಕಿ.

"ನಾನು ಯಾವ ಲಾಕೂ ಹಾಕಿಲ್ಲ ಮಾರಾಯ್ರೆ" ಅಂದರು. ಅವರು ಹೇಳಿದ್ದು ನಿಜ. ಈಗಿನ ಎಷ್ಟೋ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆ ಹಾಕಿ ಶುರು ಮಾಡಿದಾಗಲೇ ಡಿಸ್ಕ್ ತಾನಾಗಿ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಬೀಗ ಬೀಳುತ್ತದೆ. ದಿನಾ ಬೀಗ ತೆಗೆಯುವುದು ಬೋರ್ಡಿನಲ್ಲಿರುವ ಟಿಪಿಎಂ ಚಿಪ್. ಹಾಗಾಗಿ ಯಾರಿಗೂ ಗೊತ್ತೇ ಆಗುವುದಿಲ್ಲ. ಬೋರ್ಡ್ ಬದಲಾದರೆ ಚಿಪ್ಪೂ ಹೊಸದು, ಅದಕ್ಕೆ ಈ ಡಿಸ್ಕಿನ ಪರಿಚಯವಿಲ್ಲ. ಬೋರ್ಡಿಗೆ ಕೈ ಹಾಕುವ ಮೊದಲೇ ಕೀ ಇದೆಯಾ ಅಂತ ನಾನು ಕೇಳಬೇಕಿತ್ತು. ಮರೆತಿದ್ದೆ.

ಅದರೊಳಗೆ ಆಳುಗಳ ಲೆಕ್ಕ, ಕಾಫಿ ಕುಯ್ಲಿನ ಲೆಕ್ಕ, ಹನ್ನೆರಡು ವರ್ಷದ ಮಳೆ ದಾಖಲೆ ಇತ್ತು. ಬ್ಯಾಕಪ್ ಇರಲಿಲ್ಲ. ಫಾರ್ಮ್ಯಾಟ್ ಹೊಡೆದರೆ ಲ್ಯಾಪ್‌ಟಾಪ್ ಓಡುತ್ತದೆ, ಮಳೆ ಹೋಗುತ್ತದೆ. ಬೀಗ ಒಡೆದುಕೊಡುತ್ತೇವೆ ಅನ್ನುವ ಸಾಫ್ಟ್‌ವೇರ್‌ಗೆ ಅವರ ಅಳಿಯ ಆಗಲೇ ದುಡ್ಡು ಕಟ್ಟಲು ಹೊರಟಿದ್ದ, ತಡೆದೆ. ಸುಮ್ನೆ ದಂಡ. ಕೀ ಇಲ್ಲದೆ ಅದು ತೆರೆಯುವುದಿಲ್ಲ.

ಮೊದಲು ಬಿಲ್ ತರಿಸಿ ಸೀರಿಯಲ್ ನಂಬರ್ ನೋಡಿದೆ. ಗುರುತಿನವರಾದರೂ ನೋಡುತ್ತೇನೆ. ಯಾರದೋ ಲ್ಯಾಪ್‌ಟಾಪ್ ತಂದು ತೆರೆದುಕೊಡಿ ಅನ್ನುವವರೂ ಬರುತ್ತಾರೆ, ಅಲ್ವಾ?

ರಿಕವರಿ ಕೀಗಳ ಪಟ್ಟಿ ಮೈಕ್ರೋಸಾಫ್ಟ್ ಖಾತೆಯ ಪುಟದಲ್ಲೇ ಇರುತ್ತದೆ. ಅವರ ಫೋನಿನಲ್ಲಿ ಅವರ ಖಾತೆ ತೆರೆದರೆ ಪಟ್ಟಿ ಖಾಲಿ. ಆಗ ಕೇಳಿದೆ: "ತಂದ ದಿನ ಇದನ್ನು ಸೆಟ್ ಮಾಡಿದ್ದು ಯಾರು?" ಬೆಂಗಳೂರಿನಲ್ಲಿರುವ ಮಗಳಂತೆ. ದೀಪಾವಳಿಗೆ ಬಂದವಳು ತನ್ನದೇ ಇಮೇಲ್ ಹಾಕಿ ಶುರು ಮಾಡಿಕೊಟ್ಟಿದ್ದಳು.

ಫೋನ್ ಮಾಡಿದರೆ ಅವಳ ಪಟ್ಟಿಯಲ್ಲಿ ಮೂರು ಕೀ. ನೀಲಿ ಪರದೆಯಲ್ಲಿ ಕೀ ಐಡಿ ಅಂತ ಒಂದು ಸಾಲು ಇರುತ್ತದೆ. ಅದರ ಮೊದಲ 8 ಅಕ್ಷರ ಓದಿ ಹೇಳಿದೆ, ಎರಡನೆಯದಕ್ಕೆ ತಾಳೆಯಾಯಿತು. ವಾಟ್ಸಾಪ್ ಬೇಡ, ಅಪ್ಪನಿಗೆ ಓದಿ ಹೇಳು ಅಂದೆ. ಅವರು ಬಿಲ್ಲಿನ ಹಿಂದೆ ಬರೆದುಕೊಂಡರು, ಆರಾರು ಅಂಕಿಯ 8 ಗುಂಪು.

ಇಲ್ಲೊಂದು ಮಜಾ ಇದೆ. ಪ್ರತಿ ಗುಂಪೂ 11ರಿಂದ ಶೇಷವಿಲ್ಲದೆ ಭಾಗವಾಗಬೇಕು. ಉದಾಹರಣೆಗೆ 135795 ಸರಿ, 12345 ಬರುತ್ತದೆ. ಕೊನೆಯ ಎರಡು ಅಂಕಿ ಅದಲುಬದಲಾಗಿ 135759 ಆದರೆ 8 ಉಳಿಯುತ್ತದೆ. ತೋಟದವರ ಗೀಚು ಬರಹವನ್ನು ಕ್ಯಾಲ್ಕುಲೇಟರಿನಲ್ಲಿ ಹಾಕಿ ನೋಡಿದೆ. ಐದನೆಯ ಗುಂಪಿನಲ್ಲಿ ಶೇಷ ಬಂತು. ಮತ್ತೆ ಓದಿಸಿದರೆ ಅವರು 1 ಅಂತ ಬರೆದದ್ದು 7.

ಎಂಟರ್ ಒತ್ತಿದೆ. ವಿಂಡೋಸ್ ಬಂತು.

ಬೇರೇನೂ ಮುಟ್ಟದೆ ಮೊದಲು ಎಲ್ಲ ಫೈಲನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕಿದೆ. ಆಮೇಲೆ ಸೆಟ್ಟಿಂಗ್ಸಿನಲ್ಲಿ ಎನ್‌ಕ್ರಿಪ್ಷನ್ ಆಫ್ ಮಾಡಿ, ಪೂರ್ತಿ ಮುಗಿಯುವ ತನಕ ಕಾದು, ಅವರದೇ ಖಾತೆಯಲ್ಲಿ ಮತ್ತೆ ಆನ್ ಮಾಡಿಸಿದೆ. ಹಾಗೆ ಮಾಡಿದರೆ ಹೊಸ ಕೀ ಹುಟ್ಟುತ್ತದೆ, ಹಳೆಯದು ಈ ಡಿಸ್ಕಿಗೆ ನಡೆಯುವುದಿಲ್ಲ. ಬಿಟ್ಟೇ ಬಿಡಿ, ಲಾಕೇ ಬೇಡ ಅಂದರು. ಬಸ್ಸಿನಲ್ಲಿ ಲ್ಯಾಪ್‌ಟಾಪ್ ಬಿಟ್ಟು ಇಳಿದರೆ ಅಂತ ಕೇಳಿದ ಮೇಲೆ ಒಪ್ಪಿದರು.

ಹೊಸ ಕೀಯನ್ನು ಎರಡು ಹಾಳೆಯಲ್ಲಿ ಪ್ರಿಂಟ್ ತೆಗೆದುಕೊಟ್ಟೆ. ಒಂದನ್ನು ಪಹಣಿ ಇರುವ ಫೈಲಿಗೆ ಸೇರಿಸುತ್ತೇನೆ ಅಂದರು. ದುಡ್ಡು ಕೊಡುವ ಮೊದಲು ಮಳೆಯ ಫೈಲ್ ತೆರೆದು, ಸಿಡಿಲು ಹೊಡೆದ ದಿನದ ಮುಂದೆ ಒಂದೂಕಾಲು ಇಂಚು ಅಂತ ಬರೆದುಕೊಂಡರು.