ಬೆಳಗಿನ ಶುಗರ್ ಮತ್ತು ಹಿಂದಿನ ರಾತ್ರಿ

ನನಗೆ ಮಧುಮೇಹವಿದೆಯೆಂದು ತಿಳಿದು ಹನ್ನೊಂದು ವರ್ಷಗಳಾದವು. ಹಾಸನದ ಪದವಿಪೂರ್ವ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ನಾನು, ಅಳೆದು ನೋಡದೆ ಏನನ್ನೂ ಬರೆಯಬೇಡಿ ಎಂದು ಪ್ರಯೋಗಾಲಯದಲ್ಲಿ ಮಕ್ಕಳಿಗೆ ಹೇಳುತ್ತ ಬಂದವಳು. ಆದರೆ ನನ್ನದೇ ರಾತ್ರಿಗಳ ವಿಷಯದಲ್ಲಿ ಬಹುಕಾಲ ಊಹೆಯ ಮೇಲೆಯೇ ನಡೆದೆ.

ಖಾಲಿ ಹೊಟ್ಟೆಯ ಶುಗರ್ 180ರ ಆಸುಪಾಸಿನಲ್ಲಿ ಬಂದ ದಿನ ನಾನು ಮಾಡುತ್ತಿದ್ದುದು ಒಂದೇ ಕೆಲಸ: ಅಂದು ರಾತ್ರಿ ಮುದ್ದೆ ಬಿಟ್ಟು, ಒಂದು ಲೋಟ ಮಜ್ಜಿಗೆ ಕುಡಿದು ಮಲಗುವುದು. ಊಟಕ್ಕೆ ಮುಂಚೆ ನುಂಗುವ, ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗುತ್ತಿದ್ದೆ. ರಾತ್ರಿ ಎರಡೂವರೆ, ಮೂರರ ಹೊತ್ತಿಗೆ ಮೈಯೆಲ್ಲ ಬೆವರಿ, ಎದೆ ಹೊಡೆದುಕೊಂಡು ಎಚ್ಚರವಾಗುತ್ತಿತ್ತು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಬೆವರುವುದು ಸಹಜವೆಂದು ಸಮಾಧಾನ ಹೇಳಿಕೊಂಡು, ಅಡುಗೆಮನೆಯಲ್ಲಿ ಸಿಕ್ಕ ನಾಲ್ಕು ಬಿಸ್ಕತ್ತು, ಒಂದು ಬಾಳೆಹಣ್ಣು ತಿಂದು ಮತ್ತೆ ಮಲಗುತ್ತಿದ್ದೆ. ಬೆಳಿಗ್ಗೆ ಪುನಃ 180. ಆ ರಾತ್ರಿ ಪುನಃ ಮಜ್ಜಿಗೆ.

ಇದನ್ನು ಕೇಳಿದ ವೈದ್ಯರು ಮಾತ್ರೆ ಹೆಚ್ಚಿಸಲಿಲ್ಲ. “ಮೇಡಂ, ಒಂದು ವಾರ ರಾತ್ರಿ ಮೂರು ಗಂಟೆಗೂ ಒಮ್ಮೆ ನೋಡಿ, ಆಮೇಲೆ ಮಾತಾಡೋಣ” ಎಂದರು. ಅಲಾರಂ ಇಟ್ಟುಕೊಂಡು ಏಳು ರಾತ್ರಿ ಬೆರಳು ಚುಚ್ಚಿಕೊಂಡೆ. ಮೂರು ರಾತ್ರಿ 58, 63, 61 ಬಂದಿತ್ತು. 70ಕ್ಕಿಂತ ಕೆಳಗಿಳಿದರೆ ಅದು ಲೋ ಶುಗರ್. ನಾವು ಉಂಡಿದ್ದೇವೆಯೋ ಇಲ್ಲವೋ ಎಂಬುದನ್ನು ಆ ಮಾತ್ರೆ ಕೇಳುವುದಿಲ್ಲ, ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಹೊಟ್ಟೆ ಖಾಲಿ ಇಟ್ಟು ಶುಗರನ್ನು ಕೆಳಗೆ ತಳ್ಳಿದವಳೂ ನಾನೇ, ನಿದ್ದೆಗಣ್ಣಿನಲ್ಲಿ ಬಿಸ್ಕತ್ತು ತಿಂದು ಮೇಲಕ್ಕೆತ್ತಿದವಳೂ ನಾನೇ. ಬೆಳಗಿನ ಜಾವ ಕಾರ್ಟಿಸಾಲ್ ಮೊದಲಾದ ಹಾರ್ಮೋನುಗಳು ಏರಿ, ಯಕೃತ್ತು ಗ್ಲೂಕೋಸ್ ಬಿಡುವುದರಿಂದಲೂ ಖಾಲಿ ಹೊಟ್ಟೆಯ ಶುಗರ್ ಹೆಚ್ಚಬಹುದು. ಅದಕ್ಕೆ ಮಾಡಬೇಕಾದುದು ಬೇರೆ, ನನ್ನದಕ್ಕೆ ಬೇರೆ. ಮೂರು ಗಂಟೆಯ ಅಳತೆಯಿಲ್ಲದೆ ಇವೆರಡನ್ನು ಬೇರ್ಪಡಿಸಲು ನನಗೆ ಸಾಧ್ಯವಿರಲಿಲ್ಲ.

ವೈದ್ಯರು ಮಾತ್ರೆ ಬದಲಿಸಿದರು. ನಾನಾಗಿಯೇ ಅದನ್ನು ನಿಲ್ಲಿಸಿರಲಿಲ್ಲ, ಯಾರೂ ನಿಲ್ಲಿಸಬಾರದು. ಧಾರಾವಾಹಿ ಮುಗಿದ ಮೇಲೆ ಹತ್ತಕ್ಕೆ ನಡೆಯುತ್ತಿದ್ದ ಊಟವನ್ನು ಎಂಟಕ್ಕೆ ತಂದೆ. ಅತ್ತೆಯವರು ನಾಲ್ಕು ದಿನ ಮುನಿಸಿಕೊಂಡರು, ಆಮೇಲೆ ಒಗ್ಗಿಕೊಂಡರು. ಚಿಕ್ಕದೊಂದು ಮುದ್ದೆ, ಧಾರಾಳವಾಗಿ ಸೊಪ್ಪಿನ ಸಾರು, ಸ್ವಲ್ಪ ಕಾಳಿನ ಪಲ್ಯ: ಇಷ್ಟು ನನ್ನ ರಾತ್ರಿಯ ಊಟ. ರಾಗಿಯೆಂದ ಮಾತ್ರಕ್ಕೆ ಎಷ್ಟು ಬೇಕಾದರೂ ಉಣ್ಣಬಹುದೆಂದು ನಮ್ಮ ಕಡೆ ನಂಬಿಕೆಯಿದೆ. ಅದರಲ್ಲೂ ಇರುವುದು ಪಿಷ್ಟವೇ, ಗಾತ್ರ ದೊಡ್ಡದಾದರೆ ಶುಗರ್ ಏರಿಯೇ ಏರುತ್ತದೆ. ಲೋ ಶುಗರ್ ಬಂದರೆ ಕೈಗೆ ಸಿಗುವಂತೆ ಹಾಸಿಗೆಯ ಪಕ್ಕ 15 ಗ್ರಾಂ ಗ್ಲೂಕೋಸ್ ಪುಡಿಯ ಪೊಟ್ಟಣವನ್ನೂ ನೀರನ್ನೂ ಇಟ್ಟುಕೊಂಡೆ. ಅದನ್ನು ಕುಡಿದು 15 ನಿಮಿಷದ ನಂತರ ಮತ್ತೆ ಅಳೆಯಬೇಕು. ಬಿಸ್ಕತ್ತಿನಲ್ಲಿ ಕೊಬ್ಬಿರುವುದರಿಂದ ಅದು ಕೆಲಸ ಮಾಡುವುದು ನಿಧಾನ, ಅಷ್ಟರಲ್ಲಿ ಗಾಬರಿಯಿಂದ ನಾವು ಇಡೀ ಪೊಟ್ಟಣ ಮುಗಿಸಿರುತ್ತೇವೆ.

ಬೆವರು ನಿಂತಿತು, ನಿದ್ದೆ ಸರಿಹೋಗಲಿಲ್ಲ. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದು ಮುಂದುವರಿಯಿತು. ರಕ್ತದ ಸಕ್ಕರೆ ಸುಮಾರು 180 ದಾಟಿದರೆ ಅದು ಮೂತ್ರಕ್ಕೆ ಸೋರಿ ನೀರನ್ನೂ ಸೆಳೆದೊಯ್ಯುತ್ತದೆ, ಆದರೆ ಈಗ ನನ್ನ ಸಂಖ್ಯೆಗಳು ಅಷ್ಟಿರಲಿಲ್ಲ. ಬೆಳಿಗ್ಗೆ ತಲೆನೋವು, ಒಣಗಿದ ಬಾಯಿ, ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ತೂಕಡಿಕೆ. ವೈದ್ಯರು 1989ರಿಂದ ಬಳಕೆಯಲ್ಲಿರುವ ಪಿಟ್ಸ್‌ಬರ್ಗ್ ನಿದ್ರಾ ಗುಣಮಟ್ಟ ಸೂಚ್ಯಂಕದ ಪ್ರಶ್ನಾವಳಿ ಕೊಟ್ಟರು. ಕಳೆದ ಒಂದು ತಿಂಗಳ ನಿದ್ದೆಯ ಬಗ್ಗೆ ಕೇಳುವ 19 ಪ್ರಶ್ನೆಗಳು, 0ರಿಂದ 21ರವರೆಗೆ ಅಂಕ, 5 ದಾಟಿದರೆ ನಿದ್ದೆ ಚೆನ್ನಾಗಿಲ್ಲವೆಂದರ್ಥ. ನನಗೆ 13 ಬಂದಿತ್ತು. ಹೆಚ್ಚು ಅಂಕ ಬಂದು ನಾಚಿದ್ದು ಅದೇ ಮೊದಲು.

ನಿಜವಾದ ನಾಚಿಕೆ ಗೊರಕೆಯದು. ಗಂಡಸರ ಗೊರಕೆಯನ್ನು ನಗುತ್ತ ಹೇಳಿಕೊಳ್ಳುವ ಮನೆಗಳಲ್ಲಿ ಹೆಂಗಸಿನ ಗೊರಕೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಗಳು ಒಂದು ರಾತ್ರಿ ಮೊಬೈಲಿನಲ್ಲಿ ಮುದ್ರಿಸಿ, “ಅಮ್ಮ, ಮಧ್ಯೆ ಉಸಿರೇ ಇಲ್ಲ, ಕೇಳು” ಎಂದು ಕಿವಿಗೆ ಹಿಡಿದಳು. ಮನೆಯಲ್ಲೇ ನಡೆದ ನಿದ್ರಾ ಪರೀಕ್ಷೆಯಲ್ಲಿ, ಗಂಟೆಗೆ ಸರಾಸರಿ 24 ಬಾರಿ ನನ್ನ ಉಸಿರು ನಿಲ್ಲುತ್ತಿತ್ತು ಅಥವಾ ತೀರಾ ತಗ್ಗುತ್ತಿತ್ತು ಎಂದು ಬಂತು. 15ರಿಂದ 30ರವರೆಗಿನದು ಮಧ್ಯಮ ಮಟ್ಟದ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ. ಪದೇ ಪದೇ ಮೂತ್ರಕ್ಕೆ ಏಳಿಸುವ ಕಾರಣಗಳಲ್ಲಿ ಅದೂ ಒಂದು.

ಇದಕ್ಕೆ ಕೊಟ್ಟದ್ದು ಗಾಳಿಯ ಒತ್ತಡದಿಂದ ಉಸಿರಿನ ದಾರಿಯನ್ನು ತೆರೆದಿಡುವ ಸಿಪ್ಯಾಪ್ ಯಂತ್ರ. ಅದರ ಮಾಸ್ಕ್ ಧರಿಸಿ ಮಲಗಲು ಮೊದಲ ಮೂರು ವಾರ ಹಿಂಸೆಯಾಯಿತು. ಸಂಜೆ ಟಿವಿ ನೋಡುವಾಗ ಅರ್ಧ ಗಂಟೆ ಹಾಕಿಕೊಂಡು ಕೂತು ರೂಢಿ ಮಾಡಿಕೊಂಡೆ. ಉತ್ತರಪತ್ರಿಕೆ ತಿದ್ದುವಾಗಿನ ರಾತ್ರಿಯ ಕಾಫಿ ಬಿಟ್ಟೆ. ಮಲಗುವ ಮುನ್ನ ಪಾದಗಳನ್ನು ತೊಳೆದು ಒರೆಸಿ ಅಂಗಾಲು ನೋಡಿಕೊಳ್ಳುವುದು ಹಳೆಯ ಅಭ್ಯಾಸ, ಅದು ಹಾಗೆಯೇ ಇದೆ. ಒಂದು ವರ್ಷದಲ್ಲಿ, ಶುಗರಿನ ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಶೇಕಡಾ 8.6ರಿಂದ 7.4ಕ್ಕೆ ಇಳಿಯಿತು. ಇದನ್ನು ಯಂತ್ರದ ಖಾತೆಗೇ ಬರೆಯಲಾರೆ, ಏಕೆಂದರೆ ಮಾತ್ರೆ, ಊಟದ ಸಮಯ, ನಿದ್ದೆ ಎಲ್ಲವೂ ಒಟ್ಟಿಗೇ ಬದಲಾದವು. ಆದರೆ ನಿದ್ದೆಗೆಟ್ಟ ದಿನ ತಪ್ಪಿಹೋಗುತ್ತಿದ್ದ ಸಂಜೆಯ ನಡಿಗೆ ಈಗ ತಪ್ಪುವುದಿಲ್ಲ, ಅದು ಮಾತ್ರ ನಿದ್ದೆಯದೇ ಫಲ.

ಕಳೆದ ತಿಂಗಳು ಅರಸೀಕೆರೆಯ ಮದುವೆಗೆ ಹೋದಾಗ ಯಂತ್ರವನ್ನು ಜೊತೆಗೇ ಒಯ್ದಿದ್ದೆ. ಛತ್ರದ ಕೋಣೆಯಲ್ಲಿ ಎಂಟು ಜನ ಹೆಂಗಸರು, ಇದ್ದದ್ದು ಒಂದೇ ಪ್ಲಗ್ ಪಾಯಿಂಟ್. ಎಲ್ಲರ ಮೊಬೈಲ್ ಚಾರ್ಜರುಗಳನ್ನು ತೆಗೆಸಿ ನನ್ನ ಯಂತ್ರ ಹಾಕಿದೆ. ಮೂರು ಗಂಟೆಗೆ ಒಬ್ಬ ನೆಂಟರು ನನ್ನನ್ನು ತಟ್ಟಿ ಎಬ್ಬಿಸಿ, ಇದನ್ನು ಎಲ್ಲಿ ಕೊಡುತ್ತಾರೆ, ನನಗೂ ಹೀಗೇ ಗೊರಕೆ, ಎಂದು ಪಿಸುಮಾತಿನಲ್ಲಿ ಕೇಳಿದರು.