ಹಳೆ ಡಿಸ್ಕ್ ತೆಗೆದರೆ ವಿಂಡೋಸ್ ಏಳುವುದಿಲ್ಲವೇ? ಬೂಟ್ ಲೋಡರ್ ಜಾಗ ಬದಲಿಸಿ

ವಿಜಯಪುರದ ಗಾಂಧಿ ಚೌಕದ ಕಡೆ ಯಾವುದೇ ಡಿಟಿಪಿ ಅಂಗಡಿಗೆ ಹೋಗಿ, ಹಳೆ ಕಂಪ್ಯೂಟರಿಗೆ ಎಸ್‌ಎಸ್‌ಡಿ ಹಾಕಿಸಿದ ಮಾತು ಬರುತ್ತದೆ. ವಿಂಡೋಸ್ ಹೊಸ ಎಸ್‌ಎಸ್‌ಡಿಯಲ್ಲಿ ಇರುತ್ತದೆ, ಅದನ್ನು ಎಬ್ಬಿಸುವ ಬೂಟ್ ಲೋಡರ್ ಮಾತ್ರ ಎಷ್ಟೋ ಸಲ ಹಳೆ ಹಾರ್ಡ್‌ಡಿಸ್ಕ್‌ನಲ್ಲೇ ಉಳಿದಿರುತ್ತದೆ. ಹಳೆಯದು ಕೆಟ್ಟ ದಿನ ಮದುವೆ ಕಾರ್ಡಿನ ಕೆಲಸವೆಲ್ಲ ನಿಂತುಬಿಡುತ್ತದೆ. ಆಮೇಲೆ ಗಾಬರಿಯಲ್ಲಿ ಎಲ್ಲ ಅಳಿಸಿ ಮತ್ತೆ ವಿಂಡೋಸ್ ಹಾಕಿಸುತ್ತಾರೆ. ಅದರ ಅಗತ್ಯವೇ ಇಲ್ಲ.

ವಿಂಡೋಸ್ ಹಾಕುವಾಗ ಹಳೆ ಡಿಸ್ಕಿನ ಕೇಬಲ್ ಬಿಚ್ಚದಿದ್ದರೆ ಹೀಗಾಗುತ್ತದೆ. ಅಲ್ಲಿ ಮೊದಲೇ ಇಎಫ್‌ಐ ಪಾರ್ಟಿಷನ್ (ಬೂಟ್ ಫೈಲುಗಳಿಗೆಂದೇ ಇರುವ ಡಿಸ್ಕಿನ ಸಣ್ಣ ಭಾಗ) ಇದ್ದರೆ ಬೂಟ್ ಫೈಲುಗಳು ಅಲ್ಲಿಗೇ ಹೋಗಿ ಕೂರುತ್ತವೆ. ಹೊಸದಾಗಿ ಹಾಕಿಸುವವರು ಮೊದಲು ಆ ಕೇಬಲ್ ಬಿಚ್ಚಿಸಿ.

ಮೊದಲ ಕೆಲಸ, ಬ್ಯಾಕಪ್. ಟ್ಯಾಲಿ ಡೇಟಾ, ನುಡಿ ಫೈಲುಗಳನ್ನು ಬೇರೆ ಕಡೆ ಇಟ್ಟುಕೊಳ್ಳಿ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇದ್ದರೆ ಸಸ್ಪೆಂಡ್ ಮಾಡಿ, ರಿಕವರಿ ಕೀ ಬರೆದಿಡಿ. ಯುಪಿಎಸ್ ಇಲ್ಲದೆ ಶುರು ಮಾಡಲೇಬೇಡಿ.

ಎರಡನೆಯದು, ಸಿಸ್ಟಮ್ ಇನ್ಫರ್ಮೇಷನ್ ತೆರೆದು ಬಯಾಸ್ ಮೋಡ್ (ಕಂಪ್ಯೂಟರ್ ಬೂಟ್ ಆಗುವ ವಿಧಾನ) ನೋಡಿ. ಯುಇಎಫ್‌ಐ ಅಂತ ಇದ್ದರೆ ಮಾತ್ರ ಮುಂದೆ ಹೋಗಿ. ಲೆಗಸಿ ಅಂತ ಇದ್ದರೆ ದಾರಿ ಬೇರೆ, ಇಲ್ಲಿನ ಕಮಾಂಡ್ ಹಾಕಬೇಡಿ.

ಮೂರನೆಯದರಲ್ಲೇ ಜನ ಎಡವುವುದು. ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು 'ಡಿಸ್ಕ್‌ಪಾರ್ಟ್', ಆಮೇಲೆ 'ಲಿಸ್ಟ್ ಡಿಸ್ಕ್' ಕೊಡಿ (ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲೇ). ನಂಬರ್ ನೋಡಿ ಊಹಿಸಬೇಡಿ, ಸೈಜ್ ನೋಡಿ ಗುರುತಿಸಿ. 240 ಜಿಬಿ ಎಸ್‌ಎಸ್‌ಡಿ ಇಲ್ಲಿ 223 ಅಂತ ಕಾಣುತ್ತದೆ, 1 ಟಿಬಿ ಹಾರ್ಡ್‌ಡಿಸ್ಕ್ 931. ಎಸ್‌ಎಸ್‌ಡಿ ಸಾಲಿನಲ್ಲಿ ಜಿಪಿಟಿ (ಯುಇಎಫ್‌ಐ ಬೂಟ್‌ಗೆ ಬೇಕಾದ ಡಿಸ್ಕ್ ವಿನ್ಯಾಸ) ಕೆಳಗೆ ನಕ್ಷತ್ರ ಇರಬೇಕು. ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ.

'ಸೆಲೆಕ್ಟ್ ವಾಲ್ಯೂಮ್ ಸಿ', 'ಶ್ರಿಂಕ್ ಡಿಸೈರ್ಡ್=300' ಕೊಟ್ಟರೆ ಸಿ ಡ್ರೈವ್‌ನಿಂದ 300 ಎಂಬಿ ಬಿಡುವಾಗುತ್ತದೆ. 'ಸೆಲೆಕ್ಟ್ ಡಿಸ್ಕ್' ಜೊತೆ ಎಸ್‌ಎಸ್‌ಡಿಯ ನಂಬರ್ ಕೊಟ್ಟು, 'ಕ್ರಿಯೇಟ್ ಪಾರ್ಟಿಷನ್ ಇಎಫ್‌ಐ ಸೈಜ್=260' ಹಾಕಿ. ಈಗ ತಡೆಯಿರಿ. ಮುಂದಿನದು ಫಾರ್ಮ್ಯಾಟ್, ಒಂದು ಗೆರೆ ತಪ್ಪಿದರೆ ಡೇಟಾ ಹೋಯಿತು. 'ಲಿಸ್ಟ್ ಪಾರ್ಟಿಷನ್' ಕೊಡಿ. ನಕ್ಷತ್ರ 260 ಎಂಬಿಯ ಸಿಸ್ಟಮ್ ಸಾಲಿನ ಮುಂದೆಯೇ ಇದೆಯಾ ಅಂತ ಕಣ್ಣಾರೆ ನೋಡಿ. ಆಮೇಲೆ 'ಫಾರ್ಮ್ಯಾಟ್ ಕ್ವಿಕ್ ಎಫ್‌ಎಸ್=ಫ್ಯಾಟ್32', 'ಅಸೈನ್ ಲೆಟರ್=ಝಡ್', 'ಎಕ್ಸಿಟ್'. ಎನ್‌ಟಿಎಫ್‌ಎಸ್ ಮಾಡಿದರೆ ನಡೆಯುವುದಿಲ್ಲ.

ಝಡ್ ಬದಲು ಡ್ರೈವ್ ಅಕ್ಷರ ಎಸ್ ಕೊಡಿ ಅಂತ ಬಹಳ ಜನ ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಮುಂದಿನ ಕಮಾಂಡಿನಲ್ಲಿ ಇನ್ನೊಂದು ಎಸ್ ಬರುತ್ತದೆ, ಸುಮ್ನೆ ಗೊಂದಲ:

ಬಿಸಿಡಿಬೂಟ್ ಸಿ:\ವಿಂಡೋಸ್ /ಎಸ್ ಝಡ್: /ಎಫ್ ಯುಇಎಫ್‌ಐ

ಗೆರೆ ವಾಲುವ ದಿಕ್ಕು ನೋಡಿಕೊಳ್ಳಿ, ಸಿ: ಮತ್ತು ವಿಂಡೋಸ್ ನಡುವಿನದು ಬೇರೆ, ಉಳಿದವು ಬೇರೆ. ಬೂಟ್ ಫೈಲುಗಳು ಯಶಸ್ವಿಯಾಗಿ ತಯಾರಾದವು ಎಂಬ ಸಾಲು ಇಂಗ್ಲಿಷಿನಲ್ಲಿ ಬಂದರೆ ಗೆದ್ದಿರಿ. ಕಾಪಿ ಆಗಲಿಲ್ಲ ಅಂದರೆ ಫಾರ್ಮ್ಯಾಟ್, ಅಕ್ಷರ, ಅಡ್ಮಿನಿಸ್ಟ್ರೇಟರ್ ಮೂರನ್ನೂ ಮತ್ತೆ ನೋಡಿ. ಕಂಪ್ಯೂಟರ್ ಏಳದೆ ರಿಕವರಿ ಪೆನ್‌ಡ್ರೈವ್‌ನಿಂದ ಮಾಡುತ್ತಿದ್ದರೆ ಸಿ ಅನ್ನುವುದು ಬೇರೆ ಡ್ರೈವ್ ಆಗಿರಬಹುದು, ವಿಂಡೋಸ್ ಫೋಲ್ಡರ್ ಎಲ್ಲಿದೆ ಅಂತ ಮೊದಲು ಹುಡುಕಿ.

ಒಂದೇ ಕ್ಲಿಕ್ಕಿನಲ್ಲಿ ಮಾಡಿಕೊಡುವ 'ಫ್ರೀ' ಸಾಫ್ಟ್‌ವೇರ್‌ಗಳಿಂದ ದೂರ ಇರಿ. ಎಷ್ಟೋ ಸಾಫ್ಟ್‌ವೇರ್ ಕೊನೆಯ ಬಟನ್ ಒತ್ತುವಾಗಲೇ ದುಡ್ಡು ಕೇಳುತ್ತವೆ. ಕ್ರ್ಯಾಕ್ ಮಾಡಿದ್ದನ್ನು ಪೆನ್‌ಡ್ರೈವ್‌ನಲ್ಲಿ ತಂದರೆ ವೈರಸ್ಸೂ ಜೊತೆಗೆ ಬರಬಹುದು. ವಿಂಡೋಸ್ ಒಳಗಿರುವುದೇ ಸಾಕು, ಅಲ್ವಾ?

ಶಿಫ್ಟ್ ಕೀ ಹಿಡಿದು ಶಟ್‌ಡೌನ್ ಮಾಡಿ. ಕರೆಂಟ್ ತೆಗೆದು, ಹಳೆ ಡಿಸ್ಕಿನ ಕೇಬಲ್ ಬಿಚ್ಚಿ, ಆನ್ ಮಾಡಿ. ಏಳದಿದ್ದರೆ ಬಯಾಸ್‌ನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಅನ್ನು ಮೊದಲನೆಯದಾಗಿ ಇಡಿ. ಹಳೆ ಡಿಸ್ಕಿನ ಇಎಫ್‌ಐ ಪಾರ್ಟಿಷನ್ ಅನ್ನು ಅವತ್ತೇ ಅಳಿಸಬೇಡಿ. ಕೆಲವು ದಿನ ಎಸ್‌ಎಸ್‌ಡಿ ಒಂದರಲ್ಲೇ ಕೆಲಸ ನಡೆಯಲಿ. ಆಮೇಲೆ ಡಿಸ್ಕ್‌ಪಾರ್ಟ್‌ನಲ್ಲಿ (ಹಳೆ ಡಿಸ್ಕಿನ ಕೇಬಲ್ ಮತ್ತೆ ಹಾಕಿ) ಹಳೆ ಡಿಸ್ಕಿನ ಇಎಫ್‌ಐ ಪಾರ್ಟಿಷನ್ ಅನ್ನೇ ಸೆಲೆಕ್ಟ್ ಮಾಡಿ 'ಡಿಲೀಟ್ ಪಾರ್ಟಿಷನ್ ಓವರ್‌ರೈಡ್' ಕೊಡಿ. ಸಾದಾ ಡಿಲೀಟ್‌ಗೆ ಅದು ಹೋಗುವುದಿಲ್ಲ.