ನೋವು ಹೋದ ಮೇಲೂ ರೂಟ್ ಕೆನಾಲ್ ಯಾಕೆ? ಹಲ್ಲಿನ ಡಾಕ್ಟರಾಗಿ ನನ್ನ ಅನುಭವ

"ನೋವೇ ಇಲ್ಲ ಮಾರಾಯ್ರೆ. ನಿನ್ನೆ ರಾತ್ರಿಯಿಂದ ಸುಳಿವೇ ಇಲ್ಲ. ಅಡಿಕೆ ಕೊಯ್ಲು ಮುಗಿಸಿಕೊಂಡೇ ಬರ್ತೀನಿ."

ಫೋನಿನಲ್ಲಿ ಆ ಅಮ್ಮನ ದನಿ ಹಗುರವಾಗಿತ್ತು. ಎರಡು ದಿನದ ಹಿಂದೆ ಇದೇ ಅಮ್ಮ ಕೆನ್ನೆಗೆ ಸೆರಗು ಒತ್ತಿಕೊಂಡು ಸಾಗರದ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಮೂರು ರಾತ್ರಿ ನಿದ್ದೆ ಇರಲಿಲ್ಲ. ಮಲಗಿದರೆ ನೋವು ಜಾಸ್ತಿ, ಎದ್ದು ಕೂತರೆ ಸ್ವಲ್ಪ ಕಮ್ಮಿ. ಬಿಸಿ ಕಾಫಿ ತಾಗಿದರೆ ಜೀವ ಹೋದ ಹಾಗೆ. ತಣ್ಣೀರು ಬಾಯಲ್ಲಿ ಹಿಡಿದುಕೊಂಡಷ್ಟು ಹೊತ್ತು ಮಾತ್ರ ಸಮಾಧಾನ. ಒಂದು ಚೊಂಬು ನೀರು ಪಕ್ಕದಲ್ಲಿಟ್ಟುಕೊಂಡು ಬೆಳಗು ಮಾಡಿದ್ದರು. ಕೆಳಗಿನ ಎಡ ದವಡೆ ಹಲ್ಲು. ಎಂದೋ ಹಾಕಿಸಿದ ಸಿಮೆಂಟಿನ ಅಡಿಯಲ್ಲಿ ಹುಳುಕು ಮತ್ತೆ ಶುರುವಾಗಿ ಒಳಗಿನ ನರದವರೆಗೆ ಇಳಿದಿತ್ತು. ಇವತ್ತೇ ರೂಟ್ ಕೆನಾಲ್ ಶುರು ಮಾಡೋಣ, ಅಂದರೆ ಒಳಗಿನ ಕೆಟ್ಟ ನರ ತೆಗೆದು, ಸ್ವಚ್ಛ ಮಾಡಿ, ತುಂಬಿ ಮುಚ್ಚೋಣ ಅಂದೆ. ಮನೆಯಲ್ಲಿ ಕೇಳಿಕೊಂಡು ನಾಡಿದ್ದು ಬರ್ತೀನಿ ಅಂದರು. ನೋವಿನ ಮಾತ್ರೆ ಬರೆದುಕೊಟ್ಟು ಕಳಿಸಿದೆ.

ಈಗ ಈ ಫೋನು. "ಅಮ್ಮ, ನೋವು ಹೋಗಿದ್ದು ಹಲ್ಲು ವಾಸಿಯಾಗಿ ಅಲ್ಲ. ಒಳಗಿನ ನರ ಸತ್ತುಹೋಗ್ತಾ ಇದೆ, ಅದಕ್ಕೆ" ಅಂದೆ. "ಸತ್ತರೆ ಒಳ್ಳೇದೇ ಆಯ್ತಲ್ಲ" ಅಂದರು. ಅವರ ಲೆಕ್ಕದಲ್ಲಿ ಅದು ಸರಿಯಾದ ಮಾತೇ. ಕಾಟ ಕೊಡುತ್ತಿದ್ದದ್ದು ಹೋಯಿತು, ಇನ್ನೇನು?

ಹದಿನೇಳು ವರ್ಷದಿಂದ ಕ್ಲಿನಿಕ್ ನಡೆಸುತ್ತಿದ್ದೇನೆ. ರೂಟ್ ಕೆನಾಲ್ ಮಾಡುವುದಕ್ಕಿಂತ ಅದು ಯಾರಿಗೆ ಬೇಕು, ಯಾರಿಗೆ ಬೇಡ ಅಂತ ತೀರ್ಮಾನ ಮಾಡುವುದೇ ನನಗೆ ಕಷ್ಟದ ಕೆಲಸ. ಜನ ನೋವನ್ನೇ ಅಳತೆ ಮಾಡಿಕೊಂಡು ಬರುತ್ತಾರೆ. ನೋವಿದ್ದರೆ ಬೇಕು, ಇಲ್ಲದಿದ್ದರೆ ಬೇಡ. ಹಲ್ಲಿನ ವಿಷಯದಲ್ಲಿ ಈ ಲೆಕ್ಕ ಎಷ್ಟೋ ಸಲ ತಲೆಕೆಳಗಾಗುತ್ತದೆ.

ಯಾಕೆ ಅಂತ ಹೇಳ್ತೀನಿ. ಹಲ್ಲಿನ ಹೊರಗೆ ಗಟ್ಟಿ ಎನಾಮಲ್, ಅದರೊಳಗೆ ಡೆಂಟಿನ್, ನಡುವೆ ಒಂದು ಪುಟ್ಟ ಕೋಣೆ. ಆ ಕೋಣೆಯಲ್ಲಿ ನರ, ರಕ್ತನಾಳ ಎಲ್ಲ ಸೇರಿದ ಮೆತ್ತನೆಯ ಭಾಗ ಇದೆ. ಅದಕ್ಕೆ ಪಲ್ಪ್ ಅನ್ನುತ್ತೇವೆ. ಅದು ಬೇರಿನ ತುದಿಯವರೆಗೂ ಕೂದಲಿನಷ್ಟು ಸಣ್ಣ ನಾಳಗಳಲ್ಲಿ ಇಳಿದಿರುತ್ತದೆ. ಕಾಲು ಉಳುಕಿದರೆ ಪಾದ ಬಾತುಕೊಳ್ಳುತ್ತದೆ, ಅಲ್ವಾ? ಬಾವು ಹೊರಗೆ ಬರಲು ಅಲ್ಲಿ ಜಾಗ ಇದೆ. ಹಲ್ಲಿನೊಳಗೆ ಆ ಜಾಗ ಇಲ್ಲ. ಸುತ್ತಲೂ ಗಟ್ಟಿ ಗೋಡೆ. ಒತ್ತಡ ಏರುತ್ತದೆ, ರಕ್ತ ಒಳಗೆ ಬರುವುದು ನಿಲ್ಲುತ್ತದೆ, ಪಲ್ಪ್ ಸಾಯುತ್ತದೆ. ಆ ರಾತ್ರಿಗಳ ನೋವು ಅದು ಸಾಯುವ ಮುಂಚಿನ ಒದ್ದಾಟ. ಆಮೇಲೆ ಹೇಳಿಕೊಳ್ಳಲು ನರವೇ ಇಲ್ಲ, ನೋವು ನಿಲ್ಲುತ್ತದೆ.

ಆದರೆ ಹುಳುಕಿನ ಜೊತೆ ಒಳಗೆ ಹೊಕ್ಕ ಬ್ಯಾಕ್ಟೀರಿಯಾ ಅಲ್ಲೇ ಇರುತ್ತವೆ. ರಕ್ತ ಹರಿಯದ ಜಾಗ ಅದು. ದೇಹದ ರಕ್ಷಣೆ ಅಲ್ಲಿಗೆ ಹೋಗುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗಿದ ಆಂಟಿಬಯೋಟಿಕ್ಕೂ ಹೋಗುವುದಿಲ್ಲ. ಮಾತ್ರೆ ತಗೊಂಡ್ರೆ ಕಮ್ಮಿ ಆಗುತ್ತೆ, ಬಿಟ್ಟರೆ ಮತ್ತೆ ಬರುತ್ತೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಮೂಲ ಇರುವುದು ಮಾತ್ರೆ ಮುಟ್ಟದ ಜಾಗದಲ್ಲಿ.

ಹಾಗಂತ ಜುಂ ಅನ್ನುವ ಹಲ್ಲಿಗೆಲ್ಲ ರೂಟ್ ಕೆನಾಲ್ ಬೇಕು ಅಂತಲ್ಲ. ಇದನ್ನು ಒತ್ತಿ ಹೇಳಬೇಕು. ಬೇಡದ ಹಲ್ಲಿಗೂ ಮಾಡಿಸಿಕೊಂಡವರನ್ನು ನೋಡಿ ಬೇಜಾರಾಗಿದೆ.

ಬೆಂಗಳೂರಿನಲ್ಲಿ ಓದುವ ಒಬ್ಬ ಹುಡುಗ ರಜೆಗೆ ಊರಿಗೆ ಬಂದಿದ್ದ. ಅಲ್ಲೊಂದು ಕ್ಲಿನಿಕ್ಕಿನಲ್ಲಿ ಎಕ್ಸ್-ರೇ ನೋಡಿ ರೂಟ್ ಕೆನಾಲ್, ಕ್ಯಾಪ್ ಎರಡೂ ಬೇಕು ಅಂದಿದ್ದರಂತೆ. ಐಸ್ ಕ್ರೀಂ ತಿಂದರೆ ಜುಂ ಅನ್ನುತ್ತೆ ಅನ್ನುವುದು ಅವನ ದೂರು. ನನ್ನ ಹತ್ತಿರ ಇದಕ್ಕೊಂದು ಸರಳ ಉಪಾಯ ಇದೆ. ಇಂಜೆಕ್ಷನ್ ಸೂಜಿಯ ಪ್ಲಾಸ್ಟಿಕ್ ಮುಚ್ಚಳದಲ್ಲಿ ನೀರು ತುಂಬಿಸಿ ಫ್ರೀಜರಿನಲ್ಲಿ ಇಡುತ್ತೇನೆ. ಬಳಪದ ಕಡ್ಡಿಯಷ್ಟು ದಪ್ಪದ ಐಸ್ ಕಡ್ಡಿ ಸಿಗುತ್ತದೆ. ಇದಕ್ಕೆಂದೇ ಬರುವ ಸ್ಪ್ರೇ ಇನ್ನೂ ತಣ್ಣಗಿರುತ್ತದೆ, ಅದನ್ನೂ ಇಟ್ಟಿದ್ದೇನೆ. ಮಳೆಗಾಲದಲ್ಲಿ ಹೊಸ ಸ್ಪ್ರೇ ಬರುವುದು ತಡವಾದಾಗ ಐಸ್ ಕಡ್ಡಿಯೇ ಕೈ ಹಿಡಿಯುತ್ತದೆ.

ಮೊದಲು ಪಕ್ಕದ ಒಳ್ಳೇ ಹಲ್ಲಿಗೆ ಮುಟ್ಟಿಸುತ್ತೇನೆ. ತಣ್ಣಗಾದರೆ ಕೈ ಎತ್ತು, ಹೋದ ತಕ್ಷಣ ಇಳಿಸು ಅಂತ ಹೇಳಿರುತ್ತೇನೆ. ಆಮೇಲೆ ಅನುಮಾನ ಇರುವ ಹಲ್ಲು. ಆ ಹುಡುಗ ಚಕ್ಕನೆ ಕೈ ಎತ್ತಿದ. ಕಡ್ಡಿ ತೆಗೆದೆ. ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ಕೈ ಇಳಿಯಿತು. ಕನ್ನಡಿಯ ಹಿಡಿಯಿಂದ ಹಲ್ಲಿನ ಮೇಲೆ ಮೆಲ್ಲಗೆ ತಟ್ಟಿದೆ, ನೋವಿಲ್ಲ. ತಾನಾಗಿ ಯಾವತ್ತೂ ನೋವು ಬಂದಿಲ್ಲ, ರಾತ್ರಿ ಎಬ್ಬಿಸಿಲ್ಲ. ಅಂದರೆ ಪಲ್ಪ್ ಕೆರಳಿದೆ, ಆದರೆ ಸುಧಾರಿಸಿಕೊಳ್ಳುವ ಶಕ್ತಿ ಇದೆ. ಹುಳುಕು ತೆಗೆದು ಫಿಲ್ಲಿಂಗ್ ಮಾಡಿದೆ. ಜಾಸ್ತಿ ಆದರೆ ಕೂಡಲೇ ಬಾ ಅಂತ ಹೇಳಿ ಕಳಿಸಿದೆ. ಎರಡು ವರ್ಷ ಆಯಿತು, ಆ ಹಲ್ಲು ಜೀವಂತವಾಗೇ ಇದೆ.

ಅವನ ಕೈ ಅರ್ಧ ನಿಮಿಷ ಆದರೂ ಇಳಿಯದೆ ಹೋಗಿದ್ದರೆ ಬೇರೆ ಮಾತು. ಕಡ್ಡಿ ತೆಗೆದ ಮೇಲೂ ಉಳಿಯುವ ನೋವು, ಕಾರಣವಿಲ್ಲದೆ ತಾನೇ ಏಳುವ ನೋವು, ಮಲಗಿದಾಗ ಏರುವ ನೋವು, ಬಿಸಿಗೆ ಕೆರಳುವ ನೋವು. ಇವು ಕಂಡರೆ ಪಲ್ಪ್ ಇನ್ನು ಸುಧಾರಿಸುವುದು ಕಷ್ಟ ಅಂತ ಅರ್ಥ. ಐಸ್ ಇಟ್ಟರೂ ಏನೂ ಗೊತ್ತೇ ಆಗದಿದ್ದರೆ, ಅದರ ಜೊತೆ ತಟ್ಟಿದಾಗ ಅಥವಾ ಅಗಿದಾಗ ನೋವಿದ್ದರೆ, ಪಲ್ಪ್ ಸತ್ತು ಸೋಂಕು ಬೇರಿನ ತುದಿ ದಾಟಿರುವ ಸಾಧ್ಯತೆ ಜಾಸ್ತಿ. ಎಕ್ಸ್-ರೇ ಒಂದನ್ನೇ ನೋಡಿ ನಾನು ಹೇಳುವುದಿಲ್ಲ. ಮೂಳೆ ಸಾಕಷ್ಟು ಕರಗುವವರೆಗೆ ಅದರಲ್ಲಿ ಕಪ್ಪು ನೆರಳು ಕಾಣುವುದೇ ಇಲ್ಲ. ಇನ್ನೊಂದು ಮಾತು. ಸೈನಸ್ ಕಟ್ಟಿದಾಗ ಮೇಲಿನ ದವಡೆ ಹಲ್ಲುಗಳೆಲ್ಲ ಒಟ್ಟಿಗೆ ನೋಯುತ್ತವೆ. ನಡೆದಾಗ, ಮೆಟ್ಟಿಲು ಹತ್ತಿದಾಗ ಕೆಳದವಡೆ ಹಿಡಿದಂತಾಗುವುದು ಹೃದಯದ ಸೂಚನೆಯೂ ಆಗಿರಬಹುದು. ಅಂಥವರನ್ನು ನನ್ನ ಕುರ್ಚಿಯಿಂದ ಎಬ್ಬಿಸಿ ಸೀದಾ ಆಸ್ಪತ್ರೆಗೆ ಕಳಿಸುತ್ತೇನೆ.

ಆ ಅಮ್ಮ ಬಂದಿದ್ದು ನಾಲ್ಕು ತಿಂಗಳಾದ ಮೇಲೆ, ಯುಗಾದಿ ಹತ್ತಿರ. ನೋವಿಲ್ಲ, ವಸಡಿನಲ್ಲಿ ಒಂದು ಸಣ್ಣ ಗುಳ್ಳೆ ಎದ್ದಿದೆ, ಒತ್ತಿದರೆ ಕೀವು ಬರುತ್ತೆ, ಉಪ್ಪುಪ್ಪು ಅನ್ನುತ್ತೆ ಅಂದರು. ಗುಳ್ಳೆ ಹಲ್ಲಿನಿಂದ ಸ್ವಲ್ಪ ಕೆಳಗೆ, ಸಾಸಿವೆ ಕಾಳಿನಷ್ಟು. ಅದರ ಬಾಯಿಗೆ ಗಟ್ಟಾ ಪರ್ಚಾ ಅನ್ನುವ ರಬ್ಬರಿನಂಥ ವಸ್ತುವಿನ ತೆಳು ಕಡ್ಡಿಯೊಂದನ್ನು ಮೆಲ್ಲಗೆ ಇಳಿಸಿದೆ. ತಾನಾಗಿ ಒಳಗೆ ಜಾರಿಕೊಂಡು ಹೋಗಿ ಒಂದು ಕಡೆ ನಿಂತಿತು. ಹಾಗೇ ಇಟ್ಟು ಎಕ್ಸ್-ರೇ ತೆಗೆದೆ. ಕಡ್ಡಿಯ ತುದಿ ಆ ದವಡೆ ಹಲ್ಲಿನ ಹಿಂದಿನ ಬೇರಿನ ತುದಿಯನ್ನೇ ತೋರಿಸುತ್ತಿತ್ತು. ಅಲ್ಲಿ ಮೂಳೆ ಕರಗಿ ಕಡಲೆಕಾಳಿನಷ್ಟು ಕಪ್ಪು ಮಚ್ಚೆ. ಚಿತ್ರವನ್ನು ಅವರಿಗೇ ತೋರಿಸಿದೆ. ಬಹಳ ಹೊತ್ತು ನೋಡಿದರು. "ನೋವಿಲ್ಲದೇನೇ ಇಷ್ಟಾಗಿದೆಯಲ್ಲ" ಅಂದರು. ಕೀವು ಹೊರಗೆ ಹೋಗಲು ದಾರಿ ಮಾಡಿಕೊಂಡಿತ್ತು. ಒಳಗೆ ಒತ್ತಡ ಕಟ್ಟಲಿಲ್ಲ. ನೋವಾಗದೇ ಇದ್ದದ್ದು ಅದಕ್ಕೇ.

ಕೆಲಸ ಶುರು ಮಾಡಿದೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಹಾಕಿದೆ. ತೆಳು ರಬ್ಬರ್ ಹಾಳೆ ಅದು. ಅಮೆರಿಕದ ಸ್ಯಾನ್‌ಫೋರ್ಡ್ ಬಾರ್ನಮ್ ಅನ್ನುವ ದಂತವೈದ್ಯರು 1864ರಲ್ಲಿ ಶುರು ಮಾಡಿದ್ದು. ಎಂಜಲು ಹಲ್ಲಿನೊಳಗೆ ಹೋಗದಂತೆ, ಔಷಧಿ ಗಂಟಲಿಗೆ ಇಳಿಯದಂತೆ ತಡೆಯುತ್ತದೆ. ಇದಿಲ್ಲದೆ ರೂಟ್ ಕೆನಾಲ್ ಮಾಡಲು ನನಗೆ ಮನಸ್ಸು ಬರುವುದಿಲ್ಲ. ನೀವು ಮಾಡಿಸಿಕೊಳ್ಳುವಾಗ ರಬ್ಬರ್ ಡ್ಯಾಮ್ ಹಾಕ್ತೀರಾ ಅಂತ ಧೈರ್ಯವಾಗಿ ಕೇಳಿ. ಕೇಳಿದರೆ ತಪ್ಪಿಲ್ಲ.

ಮೂವತ್ತು ವರ್ಷ ಕವಳ, ಅಂದರೆ ಎಲೆ-ಅಡಿಕೆ, ಹಾಕಿದ ಹಲ್ಲು. ಮೇಲ್ಭಾಗ ಸವೆದು ಚಪ್ಪಟೆಯಾಗಿತ್ತು, ಒಳಗಿನ ನಾಳಗಳೂ ಕಿರಿದಾಗಿದ್ದವು. ಸವೆಯುತ್ತಾ ಹೋದಂತೆ ಪಲ್ಪ್ ತನ್ನ ಸುತ್ತ ಹೊಸ ಗೋಡೆ ಕಟ್ಟಿಕೊಳ್ಳುತ್ತದೆ. ಮುಂದಿನ ಬೇರಿನಲ್ಲಿ ಎರಡು ನಾಳ, ಹಿಂದಿನ ಬೇರಿನಲ್ಲಿ ಒಂದು. ನಾಳ ಕೆರೆಯುವ ಸೂಜಿಯಂಥ ಸಾಧನಕ್ಕೆ ಫೈಲ್ ಅನ್ನುತ್ತೇವೆ. 10ನೇ ನಂಬರಿನ ಫೈಲ್ ಅಂದರೆ ಅದರ ತುದಿ 0.10 ಮಿಲಿಮೀಟರ್ ದಪ್ಪ. ಅದು ಕೂಡ ಮುಂದಿನ ಒಂದು ನಾಳದಲ್ಲಿ ಇಳಿಯಲು ಕಾಲು ಗಂಟೆ ತೆಗೆದುಕೊಂಡಿತು. ಬಲ ಹಾಕುವ ಹಾಗಿಲ್ಲ, ಹಾಕಿದರೆ ಮುರಿಯುತ್ತದೆ. ಗಡಿಯಾರಕ್ಕೆ ಕೀ ಕೊಡುವ ಹಾಗೆ ಅತ್ತಿತ್ತ ತಿರುಗಿಸುತ್ತಾ ಕಾಯಬೇಕು. ಬೇರಿನ ತುದಿ ಎಲ್ಲಿದೆ ಅಂತ ಹೇಳುವ ಅಪೆಕ್ಸ್ ಲೊಕೇಟರ್ ಬೀಪ್ ಅಂದಾಗ ನನಗೂ ನಿರಾಳ. ನಾಳಗಳ ಉದ್ದ 20 ಮಿಲಿಮೀಟರ್ ಆಸುಪಾಸು ಇತ್ತು.

ಫೈಲ್ ದಾರಿ ಮಾಡಿಕೊಡುತ್ತದೆ ಅಷ್ಟೆ, ಸ್ವಚ್ಛ ಮಾಡುವುದು ಔಷಧಿ. ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಹಾಕಿ ಮತ್ತೆ ಮತ್ತೆ ತೊಳೆಯುತ್ತೇವೆ. ನೀರಿನ ಟ್ಯಾಂಕಿನ ಬ್ಲೀಚಿಂಗ್ ಪೌಡರಿನ ವಾಸನೆ ಬರುತ್ತದೆ. ಸತ್ತ ಪಲ್ಪನ್ನು ಅದು ಕರಗಿಸುತ್ತದೆ. ಎಲ್ಲ ಆದ ಮೇಲೆ ನಾಳದೊಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪೇಸ್ಟ್ ತುಂಬಿ ತಾತ್ಕಾಲಿಕ ಸಿಮೆಂಟ್ ಮುಚ್ಚಿದೆ. "ಏನು ತುಂಬಿದ್ರಿ?" ಅಂತ ಅಮ್ಮ ಕೇಳಿದರು. "ನೀವು ಎಲೆಗೆ ಹಚ್ಚುವ ಸುಣ್ಣವೇ ಅಮ್ಮ, ಶುದ್ಧ ಮಾಡಿದ್ದು" ಅಂದೆ. ನಿಜಕ್ಕೂ ಎರಡೂ ಒಂದೇ ವಸ್ತು. ಅದರ ಕ್ಷಾರ ಗುಣಕ್ಕೆ ಬ್ಯಾಕ್ಟೀರಿಯಾ ಉಳಿಯುವುದು ಕಷ್ಟ. ಆದರೆ ಮನೆಯ ಸುಣ್ಣವನ್ನು ಹಲ್ಲಿನ ತೂತಿಗೆ ತುಂಬಲು ಹೋಗಬೇಡಿ, ಬಾಯಿ ಸುಟ್ಟುಹೋಗುತ್ತದೆ. ಆಸ್ಪಿರಿನ್ ಮಾತ್ರೆ ಇಟ್ಟುಕೊಂಡು ವಸಡು ಬೆಳ್ಳಗೆ ಸುಟ್ಟುಕೊಂಡವರನ್ನೂ ನೋಡಿದ್ದೇನೆ. ಲವಂಗದ ಎಣ್ಣೆ ಒಂದು ಹನಿ ಹತ್ತಿಯಲ್ಲಿ ಇಟ್ಟರೆ ಸ್ವಲ್ಪ ಹೊತ್ತು ನೋವು ತಗ್ಗುತ್ತದೆ, ಡಾಕ್ಟರ ಹತ್ತಿರ ಬರುವವರೆಗೆ ಅಷ್ಟು ಸಾಕು.

ಎರಡು ವಾರ ಬಿಟ್ಟು ಬಂದಾಗ ಗುಳ್ಳೆ ಮಾಯವಾಗಿತ್ತು. ನಾಳಗಳು ಒಣಗಿದ್ದವು. ಗಟ್ಟಾ ಪರ್ಚಾ ತುಂಬಿ ಮುಚ್ಚಿದೆ. ಮಲಯ ದ್ವೀಪಗಳ ಕಡೆಯ ಒಂದು ಮರದ ಹಾಲಿನಿಂದ ಬರುವ ವಸ್ತು ಅದು. ಒಂದು ಕಾಲದಲ್ಲಿ ಸಮುದ್ರದಡಿಯ ತಂತಿ ಕೇಬಲ್‌ಗಳಿಗೆ ನೀರು ಹೋಗದಂತೆ ಸುತ್ತುತ್ತಿದ್ದದ್ದೂ ಇದನ್ನೇ.

ನನ್ನ ಒಂದು ತಪ್ಪನ್ನೂ ಇಲ್ಲಿ ಹೇಳಬೇಕು. ಕ್ಲಿನಿಕ್ ಶುರು ಮಾಡಿದ ಎರಡನೇ ವರ್ಷ, ಒಬ್ಬ ಮೇಷ್ಟ್ರಿಗೆ ಮೇಲಿನ ಮೊದಲ ದವಡೆ ಹಲ್ಲಿನ ರೂಟ್ ಕೆನಾಲ್ ಮಾಡಿದೆ. ಮೂರು ಬೇರು, ಮೂರು ನಾಳ, ಚೆನ್ನಾಗಿ ತುಂಬಿದೆ ಅಂದುಕೊಂಡೆ. ಎಂಟು ತಿಂಗಳಿಗೆ ಮತ್ತೆ ಬಾವು. ಆ ಹಲ್ಲಿನ ಕೆನ್ನೆ ಕಡೆಯ ಮುಂದಿನ ಬೇರಿನಲ್ಲಿ ಎಷ್ಟೋ ಜನರಿಗೆ ಎರಡನೇ ನಾಳ ಇರುತ್ತದೆ. ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಅವತ್ತು ಹುಡುಕುವ ತಾಳ್ಮೆ ಇರಲಿಲ್ಲ. ನಾನು ಬಿಟ್ಟಿದ್ದ ನಾಳ ಇದೇ ಅಂತ ಮೇಷ್ಟ್ರಿಗೆ ಹೇಳಿ, ಶಿವಮೊಗ್ಗದ ತಜ್ಞರ ಹತ್ತಿರ ನಾನೇ ಕಳಿಸಿದೆ. ಖರ್ಚೂ ನಾನೇ ಕೊಟ್ಟೆ. ಹಲ್ಲು ಉಳಿಯಿತು. ಅವತ್ತಿನಿಂದ ದೊಡ್ಡದಾಗಿ ತೋರಿಸುವ ಲೂಪ್ಸ್ ಕನ್ನಡಕ ಹಾಕದೆ ಮೇಲಿನ ದವಡೆ ಹಲ್ಲು ತೆರೆದಿಲ್ಲ. ಕೆಲಸ ಹೆಚ್ಚು ತೊಡಕಿನದು ಅನಿಸಿದರೆ ಮೊದಲ ದಿನವೇ ತಜ್ಞರ ಹೆಸರು ಬರೆದುಕೊಡುತ್ತೇನೆ.

ಎಲ್ಲ ಹಲ್ಲನ್ನೂ ಉಳಿಸಲು ಆಗುವುದಿಲ್ಲ. ಬೇರು ಉದ್ದಕ್ಕೆ ಸೀಳಿದ್ದರೆ, ಕ್ಯಾಪ್ ಹಿಡಿಸುವಷ್ಟೂ ಗಟ್ಟಿ ಭಾಗ ಉಳಿದಿಲ್ಲದಿದ್ದರೆ ಕೀಳಿಸುವುದೇ ಸರಿ. ಅಡಿಕೆ ಕಡಿದು ಸೀಳಿದ ಹಲ್ಲುಗಳಲ್ಲಿ ಇದು ಆಗುತ್ತಿರುತ್ತದೆ. ಆಗ ರೂಟ್ ಕೆನಾಲ್ ಮಾಡಿ ದುಡ್ಡು ತಗೊಂಡರೆ ನನ್ನ ಮನಸ್ಸಿಗೇ ಒಪ್ಪುವುದಿಲ್ಲ.

ರೂಟ್ ಕೆನಾಲ್ ಆದ ದವಡೆ ಹಲ್ಲಿಗೆ ಕ್ಯಾಪ್ ಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಹುಳುಕಿಗೆ, ಕೆಲಸಕ್ಕೆ ಅಂತ ಹಲ್ಲಿನ ನಡುಭಾಗ ಖಾಲಿಯಾಗಿರುತ್ತದೆ. ಸುತ್ತಲಿನ ಗೋಡೆ ಅಗಿಯುವ ಒತ್ತಡಕ್ಕೆ ಸೀಳಬಹುದು. ಸಾಮಾನ್ಯವಾಗಿ ದವಡೆ ಹಲ್ಲಿಗೆ ಬೇಕು. ಮುಂದಿನ ಹಲ್ಲಿನಲ್ಲಿ ಗಟ್ಟಿ ಭಾಗ ಚೆನ್ನಾಗಿ ಉಳಿದಿದ್ದರೆ ಎಷ್ಟೋ ಸಲ ಫಿಲ್ಲಿಂಗ್ ಸಾಕು. ಅಮ್ಮ ಕ್ಯಾಪ್ ಹಾಕಿಸಿಕೊಳ್ಳಲು ಒಪ್ಪಿದರು. ಕೆಳಗಿನ ಎಡಗಡೆ ಕವಳ ಇಡುವುದನ್ನು ಬಿಡಲು ಒಪ್ಪಲಿಲ್ಲ. ಬಿಡಿ ಅಂತ ಪ್ರತಿ ಸಲವೂ ಹೇಳುತ್ತಿದ್ದೇನೆ. ಅಡಿಕೆ ಬಾಯಿಯ ಒಳಚರ್ಮಕ್ಕೆ ಮಾಡುವ ಹಾನಿ ಹಲ್ಲಿನದಕ್ಕಿಂತ ದೊಡ್ಡದು.

ಮರುವರ್ಷ ಯುಗಾದಿ ಕಳೆದ ಮೇಲೆ ತಪಾಸಣೆಗೆ ಬಂದರು. ಹೊಸ ಎಕ್ಸ್-ರೇ ತೆಗೆದು ಹಳೆಯದರ ಪಕ್ಕದಲ್ಲಿ ಹಿಡಿದೆ. ಕಡಲೆಕಾಳಿನಷ್ಟಿದ್ದ ಕಪ್ಪು ಈಗ ಎಳ್ಳಿನಷ್ಟಿತ್ತು, ಸುತ್ತಲೂ ಬಿಳಿ ಮೂಳೆ ತುಂಬಿತ್ತು. ಕನ್ನಡಕ ಏರಿಸಿಕೊಂಡು ಎರಡನ್ನೂ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಹೊರಗೆ ಕೂತಿದ್ದ ಯಜಮಾನರನ್ನು ಕರೆದರು. "ಬನ್ನಿ ಇಲ್ಲಿ, ನಿಮ್ಮದೂ ಹೀಗೇ ನೋವು ಬಂದು ಹೋಯ್ತಲ್ಲ, ತೋರಿಸಿ" ಅಂದರು.